ಗೊತ್ತಾಗದ ಕೇಡಿಗೆ ಯಾರು ಹೊಣೆ?

ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ನಿಜವಾಗುವುದು ಬಿಡುವುದು ಆಮೇಲಿನ ಮಾತು, ಆ ಹೊತ್ತಿನಲ್ಲಿ ಕನಸು ಹೆಚ್ಚಾಗಿ ಬೀಳುತ್ತದೆ ಎಂಬುದಂತೂ ಸರಿ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ನಿದ್ದೆಯ ಘಟ್ಟವೊಂದನ್ನು ಗುರುತಿಸಿದರು. ಅದನ್ನು ಈಗ ರೆಮ್ ನಿದ್ದೆ ಎನ್ನುತ್ತೇವೆ. ನಮ್ಮ ಎದ್ದುಕಾಣುವ ಕನಸುಗಳು ಹೆಚ್ಚಿನವು ಬೀಳುವುದು ಆಗಲೇ, ಮತ್ತು ಈ ಘಟ್ಟ ಹೆಚ್ಚು ಹೊತ್ತು ಇರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಆ ಹೊತ್ತಿನಲ್ಲಿ ದೇಹ ತನ್ನ ಸ್ನಾಯುಗಳನ್ನೆಲ್ಲ ಸಡಿಲ ಬಿಟ್ಟುಬಿಡುತ್ತದೆ. ಕನಸಿನಲ್ಲಿ ಎಷ್ಟು ಓಡಿದರೂ ಹಾಸಿಗೆಯಲ್ಲಿ ಕಾಲು ಓಡದೆ ಇರುವುದು ಅದರಿಂದಲೇ. ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ ಸಡಿಲವಾಗುತ್ತವೆ. ಆಗ ಉಸಿರಾಟದ ಹೆಚ್ಚುಕಡಿಮೆ ಪೂರ್ತಿ ಕೆಲಸ, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಒಂದೇ ಸ್ನಾಯುವಿನ ಮೇಲೆ ಬೀಳುತ್ತದೆ.

ಗಟ್ಟಿಮುಟ್ಟಾದವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ವರ್ಷಗಟ್ಟಲೆ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರ ಕಥೆ ಬೇರೆ. ವೈದ್ಯರು ಸಿಓಪಿಡಿ ಎನ್ನುವ, ನಮ್ಮೂರಿನವರು ಉಬ್ಬಸ, ದಮ್ಮು, ಗೂರಲು ಎಂದು ಬೇರೆಬೇರೆ ಕಾಯಿಲೆಗಳ ಜೊತೆ ಸೇರಿಸಿ ಕರೆಯುವ ಈ ರೋಗದಲ್ಲಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಗಾಳಿ ತುಂಬಿ ಊದಿಕೊಂಡ ಶ್ವಾಸಕೋಶ ವಪೆಯನ್ನು ಕೆಳಕ್ಕೆ ಒತ್ತಿ ಚಪ್ಪಟೆ ಮಾಡಿರುತ್ತದೆ. ಹಗಲಿನಲ್ಲಿ ಕುತ್ತಿಗೆ, ಭುಜ, ಪಕ್ಕೆಯ ಸ್ನಾಯುಗಳೆಲ್ಲ ಕೈಜೋಡಿಸಿ ಹೇಗೋ ಉಸಿರು ಸಾಗಿಸುತ್ತವೆ. ಕನಸಿನ ಹೊತ್ತಿಗೆ ಈ ನೆರವಿನವರೆಲ್ಲ ಎದ್ದು ಹೋಗುತ್ತಾರೆ, ಸೋತ ವಪೆಯೊಂದೇ ಉಳಿಯುತ್ತದೆ. ಉಸಿರು ತೆಳುವಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಎನ್ನುವುದಕ್ಕೆ ನಮ್ಮ ಮಾಗಡಿ ಸೀಮೆಯ ಬೆಟ್ಟಗಳನ್ನು ನೆನೆದರೆ ಸಾಕು. ಸಾವನದುರ್ಗದಂಥ ಬಂಡೆಬೆಟ್ಟದ ನೆತ್ತಿಯಲ್ಲಿ ಒಂದಿಷ್ಟು ಮಟ್ಟಸವಾದ ಜಾಗವಿರುತ್ತದೆ, ಅಂಚು ದಾಟಿದರೆ ಮಾತ್ರ ಕಡಿದಾದ ಜಾರು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ಲೆಕ್ಕವೂ ಹಾಗೆಯೇ. ನೂರರಿಂದ ತೊಂಬತ್ತರ ತನಕ ಮಟ್ಟಸ, ಆಮೇಲೆ ಇಳಿಜಾರು. ಆರೋಗ್ಯವಂತ ನೆತ್ತಿಯ ನಡುವೆ ನಿಂತಿರುತ್ತಾನೆ, ಎರಡು ಹೆಜ್ಜೆ ಹಿಂದೆ ಸರಿದರೂ ಏನೂ ಆಗುವುದಿಲ್ಲ. ಶ್ವಾಸಕೋಶದ ರೋಗಿ ಹಗಲಿನಲ್ಲೇ ಅಂಚಿನಲ್ಲಿ ನಿಂತಿರುತ್ತಾನೆ. ಅದೇ ಎರಡು ಹೆಜ್ಜೆ ಅವನನ್ನು ಬಹಳ ಕೆಳಗೆ ಒಯ್ಯುತ್ತದೆ.

ನನ್ನನ್ನು ಕಾಡುತ್ತಿರುವುದು ಈ ಶರೀರಶಾಸ್ತ್ರಕ್ಕಿಂತ ಅದರ ಬೆನ್ನಿಗಿರುವ ಒಂದು ಸಂಗತಿ. ಇದೆಲ್ಲ ನಡೆಯುವಾಗ ಆ ಮನುಷ್ಯ ಮಲಗಿರುತ್ತಾನೆ. ಆಮ್ಲಜನಕ ಕಡಿಮೆಯಾದದ್ದೊಂದೇ ನಿದ್ದೆಯಿಂದ ಎಬ್ಬಿಸುವಷ್ಟು ಬಲವಾದ ಕರೆಯಲ್ಲ. ಆಮ್ಲಜನಕ ಇಳಿದು, ಮತ್ತೆ ಏರಿ, ಬೆಳಗಾಗುತ್ತದೆ. ಎದ್ದವರು ಮುಖ ತೊಳೆದು ಕಾಫಿ ಕುಡಿಯುತ್ತಾರೆ. ಅನುಭವಿಸಿದವರಿಗೇ ಗೊತ್ತಿಲ್ಲದ ಕೇಡನ್ನು ಕೇಡು ಎನ್ನಬಹುದೇ? ಎನ್ನಬಹುದಾದರೆ ಅದಕ್ಕೆ ಹೊಣೆ ಯಾರು?

*

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕುದೂರಿನಲ್ಲಿರುವ ನನ್ನ ಅಜ್ಜಿಗೆ ಎಪ್ಪತ್ತು ದಾಟಿದೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಐದಾರು ವರ್ಷಗಳಿಂದ ಕೆಮ್ಮು, ಏರು ಹತ್ತಿದರೆ ಏದುಸಿರು. ಸಿಓಪಿಡಿ ಎಂದು ಗೊತ್ತಾಗಿ ಇನ್‌ಹೇಲರ್ ಶುರುವಾಗಿದೆ. ಹಗಲಿನಲ್ಲಿ ಬೆರಳಿಗೆ ಕ್ಲಿಪ್ ಹಾಕಿದರೆ ತೊಂಬತ್ತೆರಡು, ತೊಂಬತ್ತಮೂರು ತೋರಿಸುತ್ತದೆ. ಬೆಳಿಗ್ಗೆ ತಲೆ ಭಾರ ಎನ್ನುತ್ತಿದ್ದುದರಿಂದ ಒಂದು ರಾತ್ರಿ ಪೂರ್ತಿ ಅಳೆದು ನೋಡೋಣ ಎಂದರು ವೈದ್ಯರು. ಅಜ್ಜಿ ಒಪ್ಪಿದರು, ಅವರ ಬೆರಳಿಗೆ ಯಂತ್ರ ಕಟ್ಟಿದೆವು. ಮಾರನೆಯ ದಿನ ಬಂದ ಗೆರೆಚಿತ್ರದಲ್ಲಿ ರಾತ್ರಿಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೊತ್ತು ಅಂಕಿ ತೊಂಬತ್ತರ ಕೆಳಗಿತ್ತು. ಬೆಳಗಿನ ಜಾವ ಎಂಬತ್ತನಾಲ್ಕರ ತನಕ ಇಳಿದಿತ್ತು.

ಮನೆಯಲ್ಲಿ ಗಾಬರಿ. ಮಾವ ಆವತ್ತೇ ಆಕ್ಸಿಜನ್ ಯಂತ್ರ ಬಾಡಿಗೆಗೆ ತರುತ್ತೇನೆಂದು ಹೊರಟರು. ಅಜ್ಜಿ ಮಾತ್ರ ಕಾಗದವನ್ನು ತಿರುಗಿಸಿ ನೋಡಿ ಕೇಳಿದರು:

“ಇದು ನಂದಾ?”

“ಹೂಂ ಅಜ್ಜಿ.”

“ನಂಗೇನೂ ಆಗ್ಲಿಲ್ವಲ್ಲ ಮಗ. ಚೆಂದಾಗ್ ನಿದ್ದೆ ಬಂದಿತ್ತು. ನಂಗೇ ಗೊತ್ತಿಲ್ದಿರೋ ಕಷ್ಟ ನಂಗೆಂಗ್ ಕಷ್ಟ ಆಯ್ತದೆ?”

ಮಾವ ರೇಗಿದರು. ನಾನು ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವುದರಿಂದಲೋ ಏನೋ, ನನಗೆ ಅದು ತಳ್ಳಿಹಾಕುವ ಮಾತು ಅನ್ನಿಸಲಿಲ್ಲ. ಗ್ರೀಕ್ ದಾರ್ಶನಿಕ ಎಪಿಕ್ಯೂರಸ್ ಇಪ್ಪತ್ತಮೂರು ಶತಮಾನಗಳ ಹಿಂದೆ ಸಾವಿನ ಬಗ್ಗೆ ಮಾಡಿದ ವಾದ ಹೆಚ್ಚುಕಡಿಮೆ ಇದೇ. ಒಳಿತು ಕೆಡುಕುಗಳೆಲ್ಲ ಇರುವುದು ಅನುಭವದಲ್ಲಿ, ಅನುಭವವೇ ಇಲ್ಲದ ಕಡೆ ಕೆಡುಕು ಎಲ್ಲಿಂದ ಬರಬೇಕು ಎಂದು ಅವನು ಕೇಳಿದ. ನಮ್ಮ ಚಾರ್ವಾಕರು ಪ್ರತ್ಯಕ್ಷವನ್ನು ಬಿಟ್ಟು ಬೇರೆ ಪ್ರಮಾಣವನ್ನು ಒಪ್ಪುತ್ತಿರಲಿಲ್ಲ. ಅವರಿದ್ದಿದ್ದರೆ ಅಜ್ಜಿಯ ಪಕ್ಕದಲ್ಲೇ ಕೂರುತ್ತಿದ್ದರು.

ಅಮೆರಿಕದ ದಾರ್ಶನಿಕ ಥಾಮಸ್ ನೇಗೆಲ್ 1970ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟ. ಒಬ್ಬನನ್ನು ಗೆಳೆಯರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ವಂಚಿಸುತ್ತಾರೆ, ಎದುರಿಗೆ ನಗುನಗುತ್ತ ಮಾತಾಡುತ್ತಾರೆ ಎಂದುಕೊಳ್ಳಿ. ಅವನಿಗೆ ಅದು ಸಾಯುವ ತನಕ ಗೊತ್ತಾಗುವುದೇ ಇಲ್ಲ. ಅವನಿಗೆ ಅನ್ಯಾಯವಾಗಲಿಲ್ಲ ಎನ್ನುತ್ತೀರಾ? ಗೊತ್ತಾದಾಗ ನೋವಾಗುತ್ತದೆ ಎಂಬ ಕಾರಣಕ್ಕೆ ಮೋಸ ಕೆಟ್ಟದ್ದಾಗುವುದಿಲ್ಲ. ಮೋಸ ಕೆಟ್ಟದ್ದಾದ್ದರಿಂದಲೇ ಗೊತ್ತಾದಾಗ ನೋವಾಗುತ್ತದೆ. ಈ ವಾದ ನನಗೆ ಗಟ್ಟಿಯಾಗಿ ಕಾಣುತ್ತದೆ. ಆಮ್ಲಜನಕ ಇಳಿದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯದ ಬಲಭಾಗ ಹೆಚ್ಚು ಒತ್ತಡ ಹಾಕಿ ರಕ್ತ ತಳ್ಳಬೇಕಾಗುತ್ತದೆ. ನಿದ್ದೆ ಮಾಡುವವರಿಗೆ ಅದು ಗೊತ್ತಿಲ್ಲ ಎಂದ ಮಾತ್ರಕ್ಕೆ ಹೃದಯದ ದುಡಿಮೆ ಕಡಿಮೆಯಾಗುವುದಿಲ್ಲ.

ಅಜ್ಜಿಯ ಪ್ರಶ್ನೆಗೆ ಪೂರ್ತಿ ಉತ್ತರ ಮಾತ್ರ ಇದರಿಂದ ಸಿಗಲಿಲ್ಲ. ಕಾರಣ, ನೇಗೆಲ್‌ನ ಉದಾಹರಣೆಯಲ್ಲಿ ಮೋಸ ಮಾಡುವ ಗೆಳೆಯರಿದ್ದಾರೆ. ಇಲ್ಲಿ ಯಾರಿದ್ದಾರೆ?

*

ಭಾರತೀಯ ತರ್ಕಶಾಸ್ತ್ರ ಓದಿದ ಯಾರಿಗಾದರೂ ಮೊದಲು ಸಿಗುವ ಉದಾಹರಣೆ ಹೊಗೆಯದು. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ. ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ. ಕಣ್ಣಿಗೆ ಕಾಣದ್ದನ್ನು ಕಂಡದ್ದರಿಂದ ತಿಳಿಯುವ ಈ ದಾರಿಗೆ ಅನುಮಾನ ಎಂದು ಹೆಸರು. ಕನ್ನಡದಲ್ಲಿ ಆ ಪದ ಸಂಶಯಕ್ಕೆ ತಿರುಗಿದೆ, ಶಾಸ್ತ್ರದಲ್ಲಿ ಅದು ಜ್ಞಾನದ ಸಾಧನ. ಹೊಗೆಗೂ ಬೆಂಕಿಗೂ ನಂಟಿದೆ ಎಂಬುದಕ್ಕೆ ಏನು ನಿದರ್ಶನ ಎಂದು ಕೇಳಿದರೆ ನೈಯಾಯಿಕರು ಪರಂಪರೆಯಾಗಿ ಕೊಟ್ಟುಕೊಂಡು ಬಂದ ಉತ್ತರ: ಅಡುಗೆಮನೆ.

ಈ ಉದಾಹರಣೆಯನ್ನು ಎಷ್ಟೋ ಸಲ ಓದಿದ್ದೆ. ಅಜ್ಜಿಯ ಗೆರೆಚಿತ್ರ ನೋಡಿದ ಮೇಲೆ ಮತ್ತೆ ಓದಿದಾಗ ಬೇರೆಯಾಗಿ ಕಂಡಿತು. ಎಷ್ಟು ತಲೆಮಾರುಗಳ ಪಂಡಿತರು ಅಡುಗೆಮನೆಯ ಹೊಗೆಯನ್ನು ನೋಡಿ ಬೆಂಕಿಯನ್ನು ಊಹಿಸುವುದನ್ನು ಕಲಿಸಿದರು! ಅದೇ ಹೊಗೆಯ ನಡುವೆ ಕೂತು ಊದುಗೊಳವೆಯಿಂದ ಒಲೆ ಊದುತ್ತಿದ್ದ ಹೆಂಗಸಿನ ಎದೆಯೊಳಗೆ ಏನಾಗುತ್ತಿದೆ ಎಂಬ ಅನುಮಾನವನ್ನು ಯಾರೂ ಮಾಡಲಿಲ್ಲ. ಸಾಧನ ಕೈಯಲ್ಲೇ ಇತ್ತು, ನಿದರ್ಶನವೂ ಎದುರಿಗೇ ಇತ್ತು. ನೋಟ ಹೋದದ್ದು ಮಾತ್ರ ಬೆಟ್ಟದ ಕಡೆ.

ನಮ್ಮ ಸೀಮೆಯಲ್ಲಿ ಆ ಒಲೆಗೆ ಏನೇನು ಹಾಕುತ್ತಿದ್ದರು ಎಂದು ಅಜ್ಜಿ ಹೇಳಿದ್ದು ನೆನಪಿದೆ. ಸೌದೆ, ಬೆರಣಿ, ತೆಂಗಿನ ಗರಿ, ಕುರಂಬಳೆ, ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. ಮಳೆಗಾಲದಲ್ಲಿ ಸೌದೆ ಹಸಿಯಾಗಿದ್ದರೆ ಹೊಗೆ ಇಮ್ಮಡಿ. ರಾಗಿ ಹಿಟ್ಟಿನ ಎಸರು ಕುದಿಯುವ ತನಕ, ಮುದ್ದೆ ತಿರುವಿ ಇಳಿಸುವ ತನಕ ಒಲೆಯ ಮುಂದಿನಿಂದ ಏಳುವಂತಿಲ್ಲ. ಬಚ್ಚಲ ಹಂಡೆಯ ಒಲೆ ಬೇರೆ. ಗ್ಯಾಸ್ ಬಂದ ಮೇಲೂ ಕಾಫಿ, ಸಾರು ಗ್ಯಾಸಿನ ಮೇಲೆ, ಸ್ನಾನದ ನೀರು ಸೌದೆಯ ಮೇಲೆ ಎಂಬ ಏರ್ಪಾಡು ಇವತ್ತಿಗೂ ಎಷ್ಟೋ ಮನೆಗಳಲ್ಲಿದೆ.

ಈ ಹೊಗೆಗೆ ಲೆಕ್ಕ ಹಾಕಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರ ಅಳತೆಗೋಲು ಬಹಳ ಸರಳ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸುವುದು. ಗುಣಲಬ್ಧ 60 ದಾಟಿದವರಲ್ಲಿ ದೀರ್ಘಕಾಲದ ಕಫಕೆಮ್ಮಿನ ಅಪಾಯ ಸ್ಪಷ್ಟವಾಗಿ ಹೆಚ್ಚಿತ್ತು. ಅಂದರೆ ದಿನಕ್ಕೆ ಮೂರು ಗಂಟೆಯಂತೆ 20 ವರ್ಷ ಅಡುಗೆ ಮಾಡಿದರೆ ಆ ಗೆರೆ ಮುಟ್ಟಿದಂತೆ. ನಾನು ಅಜ್ಜಿಯ ಲೆಕ್ಕ ಹಾಕಿದೆ. ಹದಿನಾರಕ್ಕೆ ಮದುವೆಯಾಗಿ ಬಂದವರು ಗ್ಯಾಸ್ ಬರುವ ತನಕ ಸುಮಾರು 40 ವರ್ಷ, ದಿನಕ್ಕೆ ನಾಲ್ಕು ಗಂಟೆಗೆ ಕಡಿಮೆಯಿಲ್ಲ. 160.

ಇಂಗ್ಲೆಂಡಿನ ದಾರ್ಶನಿಕ ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಒಂದು ವಿಚಿತ್ರ ಸನ್ನಿವೇಶ ಕಲ್ಪಿಸುತ್ತಾನೆ. ಸಾವಿರ ಜನ ಹಿಂಸಕರು. ಒಬ್ಬೊಬ್ಬನೂ ಒಂದೊಂದು ಗುಂಡಿ ಒತ್ತುತ್ತಾನೆ. ಒಂದು ಗುಂಡಿಯಿಂದ ಎದುರಿನವನಿಗೆ ಆಗುವ ವ್ಯತ್ಯಾಸ ಅವನಿಗೇ ತಿಳಿಯದಷ್ಟು ಕಡಿಮೆ. ಸಾವಿರ ಗುಂಡಿಗಳೂ ಸೇರಿದರೆ ತಾಳಲಾರದ ಹಿಂಸೆ. ನಾನು ಏನು ಮಾಡಿದೆ, ನನ್ನ ಗುಂಡಿಯಿಂದ ಯಾರಿಗೂ ನೋವಾಗಲಿಲ್ಲವಲ್ಲ ಎಂದು ಪ್ರತಿಯೊಬ್ಬನೂ ಹೇಳಬಹುದು. ಹಾಗೆ ಹೇಳುವುದು ಸರಿಯಲ್ಲ ಎಂದು ಪಾರ್ಫಿಟ್ ವಾದಿಸುತ್ತಾನೆ. ನನ್ನ ಕೆಲಸವೊಂದರಿಂದಲೇ ಏನಾಯಿತು ಎಂದು ಕೇಳಿದರೆ ಸಾಲದು, ನಾವೆಲ್ಲ ಸೇರಿ ಮಾಡಿದ್ದು ಏನು ಎಂದು ಕೇಳಬೇಕು.

ಒಲೆಯ ಮುಂದೆ ಕಳೆದ ಯಾವ ಒಂದು ದಿನವೂ ಅಜ್ಜಿಯ ಶ್ವಾಸಕೋಶವನ್ನು ಕೆಡಿಸಲಿಲ್ಲ. ಆವತ್ತು ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡರು, ಮುಗಿಯಿತು. ಹಾಗಾಗಿ ಬಿಸಿ ಮುದ್ದೆ ಉಂಡು ಎದ್ದ ತಾತ, ಮಕ್ಕಳು, ಬಂದ ನೆಂಟರು, ಯಾರೂ ತಪ್ಪಿತಸ್ಥರಲ್ಲ. ಮನೆ ಕಟ್ಟುವಾಗ ಅಡುಗೆಮನೆಗೆ ಇನ್ನೊಂದು ಕಿಟಕಿ ಬೇಡ ಎಂದವರೂ ಅಲ್ಲ. ಸೌದೆ ಒಲೆಯನ್ನು ಹೆಂಗಸರ ಪಾಡು ಎಂದುಕೊಂಡು 2016ರ ಉಜ್ವಲ ಯೋಜನೆಯ ತನಕ ತಳ್ಳಿಕೊಂಡು ಬಂದ ಸರ್ಕಾರಗಳೂ ಅಲ್ಲ. ಒಬ್ಬರ ಪಾಲು ತೆಗೆದು ನೋಡಿದರೆ ಯಾರ ಕೈಯಲ್ಲೂ ಮಸಿ ಇಲ್ಲ. ಎಲ್ಲ ಕೂಡಿಸಿದರೆ 160.

ಇದು ಒಬ್ಬರ ಮನೆಯ ಮಾತಲ್ಲ. 2016ರ ಅಂದಾಜಿನಂತೆ ಭಾರತದಲ್ಲಿ ಸಿಓಪಿಡಿ ಇರುವವರು ಸುಮಾರು ಐದೂವರೆ ಕೋಟಿ. ಈ ರೋಗದ ಹೊರೆಯಲ್ಲಿ ತಂಬಾಕಿನ ಪಾಲು ಕಾಲುಭಾಗವಾದರೆ, ಮನೆಯ ಒಳಗಿನದೂ ಹೊರಗಿನದೂ ಸೇರಿ ಗಾಳಿಯ ಮಾಲಿನ್ಯದ ಪಾಲು ಅರ್ಧಕ್ಕಿಂತ ಹೆಚ್ಚು ಎಂದು ಅದೇ ಲೆಕ್ಕ ಹೇಳುತ್ತದೆ. ಆದರೂ ದಮ್ಮು ಎಂದ ಕೂಡಲೇ ನಾವು ಮೊದಲು ಕೇಳುವುದು ಬೀಡಿ ಸೇದುತ್ತಿದ್ದರಾ ಎಂದು. ಬೀಡಿ ಸೇದಿದವರಿಗೆ ತಪ್ಪು ಹೊರಿಸುವುದು ಸುಲಭ. ಮುದ್ದೆ ಮಾಡಿ ಬಡಿಸಿದವರಿಗೆ ಏನು ಹೊರಿಸುವುದು?

*

ಹಾಗಾದರೆ ಮಾವ ಹೇಳಿದಂತೆ ಯಂತ್ರ ತಂದು ರಾತ್ರಿಯೆಲ್ಲ ಆಮ್ಲಜನಕ ಕೊಟ್ಟುಬಿಟ್ಟರೆ ಋಣ ತೀರುತ್ತದೆಯೇ? ಇಲ್ಲಿ ವಿಷಯ ನಾನು ಎಣಿಸಿದ್ದಕ್ಕಿಂತ ತೊಡಕಾಗಿತ್ತು.

ಆಮ್ಲಜನಕ ಜೀವ ಉಳಿಸುತ್ತದೆ ಎಂಬುದಕ್ಕೆ ಹಳೆಯ, ಬಲವಾದ ಪುರಾವೆಗಳಿವೆ. 1980ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 203 ರೋಗಿಗಳಿದ್ದರು. ರಾತ್ರಿ ಹನ್ನೆರಡು ಗಂಟೆ ಮಾತ್ರ ಆಮ್ಲಜನಕ ಪಡೆದವರಲ್ಲಿ ಸಾವು, ಹಗಲೂ ರಾತ್ರಿ ಪಡೆದವರಿಗಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು. 1981ರ ಬ್ರಿಟನ್ನಿನ ಅಧ್ಯಯನದಲ್ಲಿ 87 ಜನ. ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಪಡೆದ 42 ಜನರಲ್ಲಿ ಐದು ವರ್ಷಗಳಲ್ಲಿ 19 ಜನ ತೀರಿಕೊಂಡರೆ, ಪಡೆಯದ 45 ಜನರಲ್ಲಿ 30 ಜನ ತೀರಿಕೊಂಡರು. ಆದರೆ ಇವರೆಲ್ಲ ಹಗಲಿನಲ್ಲಿ ಎಚ್ಚರವಾಗಿದ್ದಾಗಲೂ ಆಮ್ಲಜನಕ ಬಹಳ ಕಡಿಮೆ ಇದ್ದವರು. ಹಗಲಿನಲ್ಲಿ ಪರವಾಗಿಲ್ಲ, ರಾತ್ರಿ ಮಾತ್ರ ಇಳಿಯುತ್ತದೆ ಎನ್ನುವ ಅಜ್ಜಿಯಂಥವರ ಮಾತೇನು?

ಅದನ್ನೇ ತಿಳಿಯಲು ಕೆನಡಾ, ಫ್ರಾನ್ಸ್, ಸ್ಪೇನ್, ಪೋರ್ಚುಗಲ್‌ಗಳ ವೈದ್ಯರು ಸೇರಿ ಒಂದು ಪ್ರಯೋಗ ನಡೆಸಿದರು. 2020ರಲ್ಲಿ ಅದರ ಫಲಿತಾಂಶ ಬಂತು. ರಾತ್ರಿಯ ಶೇ 30ರಷ್ಟಾದರೂ ಹೊತ್ತು ತೊಂಬತ್ತರ ಕೆಳಗಿರುವ 243 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಆಮ್ಲಜನಕ ಕೊಡುವ ಯಂತ್ರ. ಇನ್ನೊಂದು ಗುಂಪಿನವರ ಮನೆಗೆ ನೋಡಲು ಅದೇ ಥರದ, ಅದೇ ಥರ ಗುಂಯ್‌ಗುಡುವ ಯಂತ್ರ, ಆದರೆ ಅದರಿಂದ ಬರುತ್ತಿದ್ದುದು ಕೋಣೆಯ ಗಾಳಿ. ಮೂರು ವರ್ಷಗಳ ಕೊನೆಗೆ, ಸತ್ತವರು ಅಥವಾ ಹಗಲೂ ಆಮ್ಲಜನಕ ಬೇಕಾಗುವ ಹಂತಕ್ಕೆ ಹೋದವರು ಮೊದಲ ಗುಂಪಿನಲ್ಲಿ ಶೇ 39, ಎರಡನೆಯದರಲ್ಲಿ ಶೇ 42. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ 600 ಜನರನ್ನು ಸೇರಿಸಬೇಕೆಂದು ಹೊರಟವರಿಗೆ ಅಷ್ಟು ಜನ ಸಿಗದೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹಾಗಾಗಿ ಉಪಯೋಗವಿಲ್ಲ ಎಂದು ತೀರ್ಪು ಕೊಡಲೂ ಬರುವುದಿಲ್ಲ, ಇದೆ ಎನ್ನಲೂ ಬರುವುದಿಲ್ಲ.

ಬರೀ ಗಾಳಿ ಕೊಡುವ ಯಂತ್ರದ ಪಕ್ಕದಲ್ಲಿ ವರ್ಷಗಟ್ಟಲೆ ಮಲಗಿದ ಆ ರೋಗಿಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮೇಲುನೋಟಕ್ಕೆ ಅದು ನೇಗೆಲ್ ಹೇಳಿದ ಮೋಸದಂತೆಯೇ ಕಾಣುತ್ತದೆ. ಮೂಗಿಗೆ ಕೊಳವೆ, ಕಿವಿಗೆ ಸದ್ದು, ಕೊಟ್ಟದ್ದು ಏನೂ ಇಲ್ಲ. ಆದರೆ ಒಂದು ಮುಖ್ಯವಾದ ಅಂತರವಿದೆ. ತಮಗೆ ಎರಡರಲ್ಲಿ ಯಾವುದಾದರೂ ಬರಬಹುದು, ಯಾವುದೆಂದು ಹೇಳುವುದಿಲ್ಲ ಎಂದು ತಿಳಿದೇ ಅವರು ಒಪ್ಪಿಕೊಂಡಿದ್ದರು. ಕೊಡುವವರಿಗೂ ಯಾವುದು ಒಳ್ಳೆಯದೆಂದು ನಿಜವಾಗಿಯೂ ಗೊತ್ತಿರಲಿಲ್ಲ. ಇಬ್ಬರೂ ಒಪ್ಪಿ ಹಂಚಿಕೊಂಡ ಅಜ್ಞಾನ ಅದು. ಒಲೆಯ ಮುಂದಿನ ಹೆಂಗಸನ್ನು ಹೀಗೆ ಯಾರೂ ಕೇಳಲಿಲ್ಲ. ಕೇಡು ತಿಳಿಯದೆ ಇರುವುದು ಎರಡೂ ಕಡೆ ಒಂದೇ. ಒಂದು ಕಡೆ ಅದಕ್ಕೆ ಒಪ್ಪಿಗೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ನೈತಿಕವಾಗಿ ಇಡೀ ವ್ಯತ್ಯಾಸ ಅಲ್ಲಿದೆ ಅನ್ನಿಸುತ್ತದೆ.

ಆ ಪ್ರಯೋಗ ಇನ್ನೊಂದನ್ನೂ ಹೇಳುತ್ತದೆ. ಅಂಕಿ ಇಳಿಯುವುದೂ ಕೇಡೂ ಒಂದೇ ಅಲ್ಲ. ಅಂಕಿ ಕೇಡಿನ ಗುರುತಿರಬಹುದು, ಬೆಟ್ಟದ ಮೇಲಿನ ಹೊಗೆಯಂತೆ. ಹೊಗೆಯನ್ನು ಬೀಸಣಿಗೆಯಿಂದ ಚದುರಿಸಿದರೆ ಬೆಂಕಿ ಆರುವುದಿಲ್ಲ. ಅಂಕಿಯನ್ನು ಮೇಲೆತ್ತಿದರೆ ರೋಗಿಗೆ ಒಳ್ಳೆಯದಾಗುತ್ತದೆ ಎಂಬುದನ್ನು ಬೇರೆಯಾಗಿ ತೋರಿಸಬೇಕು. ಮೇಲಾಗಿ ಆಮ್ಲಜನಕ ತಣ್ಣೀರಲ್ಲ. ಸಿಓಪಿಡಿ ಇರುವ ಕೆಲವರಿಗೆ ಅಳತೆ ಮೀರಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಅಪಾಯವಾಗುತ್ತದೆ. ಬೆಳಗಿನ ತಲೆಭಾರಕ್ಕೂ ಅದು ಒಂದು ಕಾರಣವಿರಬಹುದು. ಕೈಲಾದಷ್ಟು ಕೊಟ್ಟುಬಿಡೋಣ ಎಂಬ ಪ್ರೀತಿ ಇಲ್ಲಿ ಕೆಡುಕೂ ಮಾಡಬಲ್ಲದು.

ಆ ಅಂಕಿಯೂ ಕಲ್ಲಿನ ಮೇಲೆ ಬರೆದದ್ದಲ್ಲ. ಬೆರಳಿನ ಮೂಲಕ ಬೆಳಕು ಹಾಯಿಸಿ, ನಾಡಿಯ ಮಿಡಿತದಿಂದ ಆಮ್ಲಜನಕ ಅಳೆಯುವ ಉಪಾಯ ಕಂಡುಹಿಡಿದವರು ಜಪಾನಿನ ತಾಕುವೊ ಅವೊಯಾಗಿ, 1974ರ ಸುಮಾರಿಗೆ. ಬೆಳಕು ಚರ್ಮದ ಮೂಲಕ ಹಾಯಬೇಕಾದ್ದರಿಂದ ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. 2020ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಯಂತ್ರ ಸರಿಯಿದೆ ಎಂದು ತೋರಿಸುವಾಗಲೂ ರಕ್ತದಲ್ಲಿ ಆಮ್ಲಜನಕ ನಿಜಕ್ಕೂ ಕಡಿಮೆ ಇರುವುದು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ತೋರಿಸಿತು. ಬಿಸಿಲಲ್ಲಿ ದುಡಿದ ನಮ್ಮೂರಿನ ಕಪ್ಪು ಬೆರಳುಗಳನ್ನು ಆ ಕ್ಲಿಪ್ಪಿಗೆ ಒಡ್ಡುವಾಗ ಇದನ್ನು ನೆನಪಿಡಬೇಕು. ಗೊತ್ತಾಗದ ಕೇಡನ್ನು ಹುಡುಕಲು ಮಾಡಿದ ಯಂತ್ರಕ್ಕೂ ಗೊತ್ತಾಗದ ಜಾಗಗಳಿವೆ, ಆ ಜಾಗಗಳು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

*

ಕೊನೆಗೆ ಯಂತ್ರ ತರಲಿಲ್ಲ. ಹಗಲಿನ ಅಂಕಿ ಇಷ್ಟಿರುವಾಗ ಸದ್ಯಕ್ಕೆ ಬೇಡ, ಇನ್‌ಹೇಲರ್ ತಪ್ಪಿಸಬೇಡಿ, ನ್ಯುಮೋನಿಯಾ ಮತ್ತು ಫ್ಲೂ ಲಸಿಕೆ ಹಾಕಿಸಿ, ದಿನಾ ನಡೆಯಿರಿ, ಹೊಗೆಯ ಹತ್ತಿರ ಹೋಗಬೇಡಿ, ಮತ್ತೆ ಅಳೆದು ನೋಡೋಣ ಎಂದರು ವೈದ್ಯರು. ಅಜ್ಜಿ ಗೆದ್ದವರಂತೆ ಮಾವನ ಮುಖ ನೋಡಿದರು. ಬಚ್ಚಲ ಒಲೆ ಬಿಡಬೇಕು ಎಂದಾಗ ಮಾತ್ರ ಮುಖ ಸಣ್ಣದಾಯಿತು.

ಮಾವ ಆವತ್ತು ಹಾಕಿದ್ದ ವಿದ್ಯುತ್ ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ಆಮ್ಲಜನಕ ಯಂತ್ರವೊಂದು ಸುಮಾರು 350 ವಾಟ್ ಎಳೆಯುತ್ತದೆ ಎಂದುಕೊಂಡರೆ, ರಾತ್ರಿ ಎಂಟು ಗಂಟೆಗೆ 2.8 ಯೂನಿಟ್, ತಿಂಗಳಿಗೆ 84. ದಿನಕ್ಕೆ 15 ಗಂಟೆ ಬೇಕಾದವರಿಗೆ ತಿಂಗಳಿಗೆ 157 ಯೂನಿಟ್‌ಗಿಂತ ಹೆಚ್ಚು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಉಚಿತ ಎಂದರೂ, ಪ್ರತಿ ಮನೆಯ ಪಾಲನ್ನು ಶುರುವಿನಲ್ಲಿ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಗೊತ್ತುಮಾಡಿದ್ದರು. ಎರಡು ಬಲ್ಬು, ಒಂದು ಫ್ಯಾನಿನ ಮನೆಯ ಪಾಲು ಚಿಕ್ಕದಾಗಿಯೇ ಇರುತ್ತದೆ. ಬಡತನದಲ್ಲಿ ಕಡಿಮೆ ಸುಟ್ಟವರಿಗೆ, ಉಸಿರಿಗಾಗಿ ಹೆಚ್ಚು ಸುಡಬೇಕಾಗಿ ಬಂದಾಗ ಬಿಲ್ಲು ಬರುತ್ತದೆ. ಕರೆಂಟು ಹೋದ ರಾತ್ರಿ ಏನು ಎಂಬುದು ಬೇರೆಯೇ ಪ್ರಶ್ನೆ.

ಆಮ್ಲಜನಕದ ಕೊರತೆ ನಮಗೆ ಸಾರ್ವಜನಿಕ ಸಂಗತಿಯಾಗಿ ಕಂಡದ್ದು 2021ರ ಮೇ 2ರ ರಾತ್ರಿ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಬೆಳಗಾಗುವುದರೊಳಗೆ 24 ಮಂದಿ ತೀರಿಕೊಂಡ ಸುದ್ದಿ ಬಂತು. ಎಷ್ಟು ಜನ ಆಮ್ಲಜನಕವಿಲ್ಲದೆ ಸತ್ತರು ಎಂಬ ವಾದ ನಡೆಯಿತು, ಹೈಕೋರ್ಟಿನ ಸಮಿತಿ ಬಂತು, ಹೊಣೆ ಯಾರದು ಎಂಬ ಪ್ರಶ್ನೆಯಾದರೂ ಎದ್ದಿತು. ಅಲ್ಲಿ ಸಾಕ್ಷಿಗಳಿದ್ದರು. ಮಂಚದ ಪಕ್ಕದಲ್ಲಿ ನಿಂತು ಕೂಗಿದ ಮನೆಯವರಿದ್ದರು. ಒಂದು ರಾತ್ರಿಯ ಕೊರತೆಗೆ ಇಷ್ಟು ಸಾಕ್ಷಿಗಳು ಬೇಕಾದರೆ, ಹತ್ತಾರು ವರ್ಷಗಳಲ್ಲಿ ದಿನಕ್ಕೊಂದಿಷ್ಟರಂತೆ ಕಡಿಮೆಯಾದ ಉಸಿರಿಗೆ ಸಾಕ್ಷಿ ಹೇಳುವವರು ಯಾರು? ಅನುಭವಿಸಿದವರಿಗೇ ಅದು ಗೊತ್ತಿಲ್ಲ.

ಪ್ರಶ್ನೋಪನಿಷತ್ತಿನಲ್ಲಿ ಗಾರ್ಗ್ಯನೆಂಬ ಶಿಷ್ಯ ಗುರು ಪಿಪ್ಪಲಾದನಿಗೆ ಕೇಳುವುದು ಇಂಥದ್ದೇ ಒಂದು ಪ್ರಶ್ನೆ. ಮನುಷ್ಯ ಮಲಗಿದಾಗ ಅವನೊಳಗೆ ಮಲಗುವವರು ಯಾರು, ಎಚ್ಚರವಾಗಿರುವವರು ಯಾರು? ಇಂದ್ರಿಯಗಳೆಲ್ಲ ಮಲಗಿದರೂ ಈ ಊರಿನಲ್ಲಿ ಪ್ರಾಣ ಎಚ್ಚರವಾಗಿ ಕಾಯುತ್ತದೆ ಎಂಬುದು ಅಲ್ಲಿನ ಉತ್ತರದ ಸಾರ. ಸುಂದರವಾದ ಉತ್ತರ. ಆದರೆ ಕಾವಲುಗಾರನೇ ದಣಿದಿದ್ದರೆ ಏನು ಮಾಡಬೇಕು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಮ್ಮ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ನಾನು ತಲುಪಿರುವ ಉತ್ತರ ಇಷ್ಟು. ಗೊತ್ತಾಗದ ಕೇಡೂ ಕೇಡೇ. ಆದರೆ ಅದನ್ನು ಕಂಡುಹಿಡಿದ ಕೂಡಲೇ ನಮಗೆ ಸಿಗುವುದು ಆ ವ್ಯಕ್ತಿಯ ಮೇಲಿನ ಅಧಿಕಾರವಲ್ಲ, ಅವರಿಗೆ ಹೇಳಬೇಕಾದ ಒಂದು ಬಾಕಿ. ನಿಮ್ಮೊಳಗೆ ಹೀಗಾಗುತ್ತಿದೆ, ಇದಕ್ಕೆ ಇಷ್ಟು ಗೊತ್ತಿದೆ, ಇಷ್ಟು ಗೊತ್ತಿಲ್ಲ ಎಂದು ಅವರ ಮಾತಿನಲ್ಲೇ ಹೇಳಿ, ಬೇಕು ಬೇಡವನ್ನು ಅವರಿಗೆ ಬಿಡಬೇಕು. ಮಲಗಿದವರನ್ನು ಅಳೆಯುವ ಹಕ್ಕು ಎದ್ದಾಗ ಅವರ ಮಾತು ಕೇಳುವವರಿಗೆ ಮಾತ್ರ ಇದೆ. ಇನ್ನು ಹೊಣೆಯ ಮಾತು. ಅದು ಆ ರಾತ್ರಿಯದಲ್ಲ, ಆ ಯಂತ್ರದ್ದೂ ಅಲ್ಲ. ರಾತ್ರಿ ಇಳಿಯುವ ಅಂಕಿ ಹಗಲಿನಲ್ಲಿ ಏರಿದ ಇನ್ನೊಂದು ಅಂಕಿಯ ಬಾಕಿ. ಅದನ್ನು ತೀರಿಸುವುದು ಒಬ್ಬ ಮಗನೋ ಮೊಮ್ಮಗಳೋ ಬಾಡಿಗೆಗೆ ತರುವ ಯಂತ್ರದಿಂದ ಆಗುವುದಿಲ್ಲ.

ಇವತ್ತು ಸಂಜೆಯೂ ಕುದೂರಿನ ಸುತ್ತಿನ ಹಳ್ಳಿಗಳಲ್ಲಿ, ನಿಮ್ಮ ಊರಿನ ಪಕ್ಕದಲ್ಲೂ, ಹಂಚಿನ ಸಂದಿಯಿಂದ ಹೊಗೆ ಏಳುತ್ತದೆ. ಬೆಂಕಿ ಇದೆ ಎಂದು ತಿಳಿಯಲು ನ್ಯಾಯಶಾಸ್ತ್ರ ಬೇಕಿಲ್ಲ. ಆ ಬೆಂಕಿಯ ಮುಂದೆ ಎಷ್ಟು ಗಂಟೆಯಿಂದ, ಎಷ್ಟು ವರ್ಷದಿಂದ ಯಾರು ಕೂತಿದ್ದಾರೆ ಎಂದು ಗುಣಿಸಿ ನೋಡುವುದು, ಅದು 60 ಮುಟ್ಟುವ ಮೊದಲೇ ಗುಣಿಸಿ ನೋಡುವುದು, ಎಚ್ಚರವಾಗಿರುವವರ ಕೆಲಸ.